ಕಿರಮಂಜಿ ಹುಳದ ಕತಿ

ಹೋದ ತಿಂಗಳ ಒಂದಿನ ಮುಂಜಾನೆ ರೊಟ್ಟಿ ಬಡಿಯೂ ಹೊತ್ತಿನ್ಯಾಗ ತವರಿಂದ ತಮ್ಮನ ಫೋನು. ಕೈಯೆಲ್ಲಾ ಹಿಟ್ಟು. ಸ್ಪೀಕರಿಗೆ ಹಾಕಿ "ಏನೋ ತಮ್ಮಾ, ಇಷ್ಟು ಲಗೂನ?" ಅಂದೆ.

"ಅಕ್ಕಾ, ಫೋಟೋ ಹಾಕೇನಿ ನೋಡು. ನನ್ನ ಕಳ್ಳಿಗೆಲ್ಲಾ ಹತ್ತಿ ಅಂಟಿಸಿದಂಗ ಆಗೇತಿ. ಏನು ಹೊಡೀಲಿ?"

ಅವಾ ಎರಡು ವರ್ಷದ ಹಿಂದ ಅರ್ಧ ಎಕರೆದಾಗ ಮುಳ್ಳಿಲ್ಲದ ಮೇವಿನ ಕಳ್ಳಿ ಹಚ್ಯಾನ. ಬ್ಯಾಸಗ್ಯಾಗ ಆಡು-ಕುರಿಗೆ, ಎಮ್ಮಿಗೆ ಹಸರು ಮೇವು ಆಗ್ತೈತಿ, ನೀರು ಭಾಳ ಬೇಡೂದಿಲ್ಲ. ಫೋಟೋ ನೋಡಿದ್ರ ಹಸರು ಎಲಿ ತುಂಬ ಬೆಳ್ಳಗ ಚುಕ್ಕಿ. ದಾಸವಾಳಕ್ಕ ಹಿಟ್ಟುತಿಗಣಿ ಬೀಳ್ತಾವಲ್ಲ, ಥೇಟ್ ಹಂಗ. "ಒಂದನ್ನ ಉಗುರಿನಿಂದ ಒಡದು ನೋಡಪಾ, ಏನು ಬರ್ತೈತಿ ಹೇಳು" ಅಂದೆ. ಒಂದು ಗಳಿಗಿ ಸುಮ್ಮನಿದ್ದು, "ಅಕ್ಕಾ, ರಗತ ಬಂದಂಗ ಬಂತು" ಅಂದ.

ರೊಟ್ಟಿ ಹಂಚಿನ ಮ್ಯಾಲ ಕರ್ರಗಾತು. ನನಗ ನಮ್ಮ ಆಯಿ ನೆಪ್ಪಾಗಿ ಕುಂತ್ಳು.

ನಮ್ಮ ತವರು ಬಳ್ಳಾರಿ ಸೀಮಿ ಅನ್ನೂದು ನಿಮಗೆಲ್ಲಾ ಗೊತ್ತದ. ನಮ್ಮ ಹಿತ್ತಲ ಗ್ವಾಡಿ ಬುಡಕ್ಕ ಒಂದು ಪಾಪಾಸಕಳ್ಳಿ ಮೆಳಿ ಇತ್ತು. ಈಗೂ ಐತಿ. ಸಣ್ಣವ್ರಿದ್ದಾಗ ಅದರ ಹಣ್ಣು ಕಡ್ಡಿಲೆ ಕೆಡವಿ, ಮಣ್ಣಾಗ ಉಳ್ಳಾಡಿಸಿ, ಸಣ್ಣ ಮುಳ್ಳು ಹೋದ ಮ್ಯಾಲ ತಿಂದು, ನಾಲಿಗಿ ಕೆಂಪಾತೋ ಇಲ್ಲೋ ಅಂತ ಒಬ್ಬರಿಗೊಬ್ಬರು ತೋರಸ್ತಿದ್ವಿ. ಎಲಿ ಮ್ಯಾಲೆ ಬೆಳ್ಳನ ಹತ್ತಿ ಒಳಗ ಕಾಳಿನಷ್ಟು ಹುಳ ಇರ್ತಿದ್ವು. ಅದನ್ನ ಒಡದ್ರ ಕಡುಗೆಂಪು ಬಣ್ಣ. ಗೊಂಬಿಗೆ ಕುಂಕುಮ ಅದ, ನಮ್ಮ ಉಗುರಿಗೆ ಬಣ್ಣ ಅದ. ಜೀವದ ಹುಳ ಅಂತ ಆಗ ಹೊಳದಿರಲಿಲ್ಲ. ಆಯಿ ಬಯ್ತಿದ್ಲು: "ಅದನ್ನ ಕೊಲ್ಲಬ್ಯಾಡ್ರೇ, ಅದು ನಮಗ ಹೊಲ ಕೊಟ್ಟ ಹುಳ."

ಹೊಲ ಕೊಟ್ಟ ಹುಳ ಅಂದ್ರ ಏನು ಅಂತ ಆಗ ನಾವ್ಯಾರೂ ಕೇಳಲಿಲ್ಲ. ಕೇಳಿದ್ರೂ ಅಕಿ ಹೇಳೂದು ಅರ್ಧಮರ್ಧ. ಈಗ ಮಗಳು ಕೊಟ್ಟ ಟ್ಯಾಬಿನ್ಯಾಗ ಹುಡುಕಿ ಹುಡುಕಿ ಓದಿ, ಆಯಿ ಮಾತು ಜೋಡಿಸಿಕೊಂಡು ಬರೀಲಿಕತ್ತೇನಿ. ಪಿಯುಸಿಗೆ ನಿಂತಾಕಿ ನಾನು. ಇತಿಹಾಸ ಅಂದ್ರ ರಾಜರ ಇಸವಿ ಅಂತನ ತಿಳಕೊಂಡಿದ್ದೆ.

ಮದಲು ಹೆಸರಿನ ಮಾತು. ನಮ್ಮ ಹಿರಿಯರು ಸೀರಿ ಬಣ್ಣ ಹೇಳೂವಾಗ ಕಿರಮಂಜಿ ಅಂತಿದ್ರಲ್ಲ, ಆ ಮಾತಿನೊಳಗ ಹುಳ ಐತಿ! ಪರ್ಶಿಯನ್ ಭಾಷಾದಾಗ ಕಿರ್ಮಿಜ್ ಅಂದ್ರ ಕೆಂಪು ಬಣ್ಣ ಕೊಡೂ ಒಂದು ಹುಳ. ಇಂಗ್ಲಿಷಿನ ಕ್ರಿಮ್ಸನ್, ಕಾರ್ಮೈನ್ ಎಲ್ಲಾ ಅದ ಬಳ್ಳಿ ಕಾಯಿ. ನಮ್ಮ ಕಡೆ ಅರಗಿನ ಹುಳದಿಂದ ಕೆಂಪು ತಗೀತಿದ್ರು, ಮಂಜಿಷ್ಠ ಬೇರಿನಿಂದ, ಕುಸುಬಿ ಹೂವಿನಿಂದ ತಗೀತಿದ್ರು. ಆದ್ರ ಎಲ್ಲಾಕ್ಕಿಂತ ಗಟ್ಟಿ ಕೆಂಪು ಇದ್ದಿದ್ದು ಮೆಕ್ಸಿಕೋ ದೇಶದಾಗ, ಕಳ್ಳಿ ಮ್ಯಾಲಿನ ಹುಳದಾಗ. ಕೊಚಿನೀಲ್ ಅಂತಾರ ಅದಕ್ಕ. ಅಲ್ಲಿ ಒವಾಹಾಕಾ ಸೀಮಿಯ ರೈತರು ನಾವು ಕೋಳಿ ಸಾಕಿದಂಗ ಆ ಹುಳ ಸಾಕ್ತಿದ್ರು. ಮಳಿ ಬಂದ್ರ ಮರಿ ಮಾಡೂದು, ಬಲತ ಮ್ಯಾಲ ಮೆತ್ತಗ ಕೆರದು ಒಣಗಿಸೂದು. ಒಂದು ಪೌಂಡು ಬಣ್ಣಕ್ಕ ಸುಮಾರು 70,000 ಹುಳ ಬೇಕು.

ಹೆಣ್ಣು ಹುಳಕ್ಕ ರೆಕ್ಕಿ ಇಲ್ಲ. ಮರಿಯಿದ್ದಾಗ ಒಂದು ಜಾಗಾ ಹಿಡದು ಸೊಂಡಿ ಚುಚ್ಚಿ ಕುಂತ್ರ ಮುಗೀತು, ಸಾಯೂತನಕ ಅಲ್ಲೇ. ಮೈಮ್ಯಾಲೆ ಬಿಳಿ ಮೇಣದ ಹೊದಿಕಿ ಹೊತ್ಕೊಂಡು ರಸ ಹೀರಕೋತ ಇರ್ತೈತಿ. ಒಳಗಿನ ಕೆಂಪು ನಮ್ಮ ಸೀರಿಗೆ ಅಂತ ಮಾಡಿದ್ದಲ್ಲ. ಅದರ ರುಚಿ ಇರುವಿಗೆ ಸೇರೂದಿಲ್ಲ, ಅದಕ್ಕ ಅವು ಇದರ ತಂಟೆಕ್ಕ ಬರೂದಿಲ್ಲ. ಗಂಡು ಹುಳಕ್ಕ ರೆಕ್ಕಿ ಇರ್ತೈತಿ, ಉಣ್ಣಾಕ ಬಾಯಿ ಇಲ್ಲ. ನಾಕು ದಿನ ಹಾರಾಡಿ ಸಾಯ್ತೈತಿ. (ಇದನ್ನ ಓದಿ ನಮ್ಮ ಮನಿಯವ್ರಿಗೆ ಹೇಳಿದೆ. ನಗಲಿಲ್ಲ.)

ಸ್ಪೇನಿನವ್ರು ಮೆಕ್ಸಿಕೋ ಗೆದ್ದಿದ್ದು 1521ರಾಗ. ಬೆಳ್ಳಿ ಬಿಟ್ರ ಅಲ್ಲಿಂದ ಅವರು ಒಯ್ದ ಮಾಲಿನ್ಯಾಗ ಹೆಚ್ಚು ರೊಕ್ಕ ತಂದಿದ್ದು ಈ ಒಣಹುಳನ. ಗುಟ್ಟು ಬಿಡಲಿಲ್ಲ. ಯುರೋಪಿನ್ಯಾಗ ನೂರಾರು ವರ್ಷ ಇದು ಬೀಜವೋ, ಹಣ್ಣೋ, ಹುಳವೋ ಅಂತ ಜಗಳ. ಕಡೀಕ ಸೂಕ್ಷ್ಮದರ್ಶಕದ ಕೆಳಗ ಇಟ್ಟು ನೋಡಿದ ಮ್ಯಾಲ ಕಾಲು ಕಂಡ್ವು. ಬ್ರಿಟಿಷ್ ಸೈನ್ಯದ ಕೆಂಪಂಗಿ ನೋಡೇರಲ್ಲ, ಅದರಾಗ ಸಾಮಾನ್ಯ ಸಿಪಾಯಿಗೆ ಮಂಜಿಷ್ಠದ ಜಾತಿಯ ಬೇರಿನ ಬಣ್ಣ, ಅಧಿಕಾರಿಗಳಿಗೆ ಮಾತ್ರ ಈ ಹುಳದ ಕೆಂಪು. ಬಣ್ಣದಾಗೂ ಮೇಲು ಕೀಳು!

ಹಿಂಗಾಗಿ ಈಸ್ಟ್ ಇಂಡಿಯಾ ಕಂಪನಿಯವ್ರಿಗೆ ಈ ಹುಳ ನಮ್ಮ ದೇಶದಾಗ ಬೆಳಸಬೇಕು ಅಂತ ಆಸೆ. ಮದ್ರಾಸಿನ್ಯಾಗ ಜೇಮ್ಸ್ ಆಂಡರ್ಸನ್ ಅಂತ ಕಂಪನಿಯ ದೊಡ್ಡ ವೈದ್ಯ ಇದ್ದ. 1786ರ ಸುಮಾರಿಗೆ ಊರ ಹತ್ರ ಹುಲ್ಲಿನ ಮ್ಯಾಲ ಒಂದು ಹುಳ ನೋಡಿ, ಸಿಕ್ಕೇಬಿಡ್ತು ಅಂತ ಲಂಡನ್ನಿನ ಜೋಸೆಫ್ ಬ್ಯಾಂಕ್ಸ್ ಅವ್ರಿಗೆ ಪತ್ರದ ಮ್ಯಾಲ ಪತ್ರ ಬರದ. ಆ ಹುಳ ಅದಲ್ಲ, ಬೇರೆ. ಅವಾ ಬಿಡಲಿಲ್ಲ, ಸೈದಾಪೇಟೆಯೊಳಗ ಕಳ್ಳಿ ತೋಟ ಮಾಡಿಸಿದ. ಮನಿ ಮದಲು, ಸೊಸಿ ಆಮ್ಯಾಲೆ, ಅನ್ನೂ ಹಂಗ ಹುಳ ಬರೂಕಿಂತ ಮದಲ ಕಳ್ಳಿ ಬೆಳದು ನಿಂತಿತು.

ಕಳ್ಳಿ ನಮ್ಮ ದೇಶದ್ದಲ್ಲ ಅನ್ನೂದು ನನಗೂ ಈಗ ಗೊತ್ತಾಗಿದ್ದು. ಪಾಪಾಸಕಳ್ಳಿ ಅಮೆರಿಕಾ ಖಂಡದ್ದು, ಮೆಣಸಿನಕಾಯಿ ಬಂದಂಗ ಹಡಗಿನವ್ರ ಸಂಗಾಟ ಬಂದಿದ್ದು. ಇಲ್ಲಿ ಬರೂವಾಗ ತನ್ನ ಹುಳ, ತನ್ನ ರೋಗ ಎಲ್ಲಾ ಅಲ್ಲೇ ಬಿಟ್ಟು ಒಂಟಿ ಬಂತು. ತಿನ್ನಾವ್ರು ಇಲ್ಲ ಅಂದ ಮ್ಯಾಲ ಕೇಳಬೇಕ? ಒಂದು ತುಂಡು ಬಿದ್ದಲ್ಲಿ ಬೇರು ಬಿಡ್ತಿತ್ತು.

1795ರಾಗ ಕ್ಯಾಪ್ಟನ್ ನೀಲ್ಸನ್ ಅನ್ನಾವ ಹಡಗಿನ್ಯಾಗ ಬರೂವಾಗ ಬ್ರೆಜಿಲ್ಲಿನ ರಿಯೋ ಊರಾಗ ಇಳದು, ಹುಳ ಇದ್ದ ಕಳ್ಳಿ ತಗೊಂಡು ಕಲ್ಕತ್ತಾಕ್ಕ ತಂದ. ಅಲ್ಲಿನ ಸಸ್ಯತೋಟದ ರಾಕ್ಸ್‌ಬರೋ ಸಾಹೇಬನ ಕೈಗೆ ಮುಟ್ಟಿದಾಗ ಜೀವದಿಂದ ಉಳಿದಿದ್ದು ಕೆಲವು ಹುಳ ಅಷ್ಟ. ಅವ ಮರಿ ಹಾಕಿ ಹಬ್ಬಿದ್ವು. ಎಲ್ಲಾರಿಗೂ ಖುಷಿ. ಬಣ್ಣ ತಗದು ನೋಡಿದ್ರ, ಮೇಣ ಭಾಳ, ಕೆಂಪು ಕಡಿಮಿ! ಇದು ಮೆಕ್ಸಿಕೋದವ್ರು ಸಾಕೂ ಹುಳ ಅಲ್ಲ, ಅದರ ಕಾಡು ತಂಗಿ. ನೋಡಾಕ ಒಂದ ಥರ. ಮೇಣ ತಗದು ಹಿಡದ್ರೂ ನಮ್ಮಂಥವ್ರಿಗೆ ಗುರತು ಸಿಗೂದಿಲ್ಲ.

ವ್ಯಾಪಾರದ ಲೆಕ್ಕದಾಗ ಅದು ನಷ್ಟ, ಕಡತ ಮುಚ್ಚಿದ್ರು. ಆದ್ರ ಹುಳಕ್ಕೇನು ಕಡತದ ಸುದ್ದಿ ಗೊತ್ತು? ಅದು ತನ್ನ ಕೆಲಸ ತಾನು ಮಾಡಕೋತ ಹೋತು. ಒಂದು ಜಾತಿ ಕಳ್ಳಿ ಐತಿ, ಮರದಂಗ ಎತ್ತರ ಆಗಿ ಎಲಿ ಜೋತು ಬೀಳ್ತಾವ, ಒಂದೊಂದ ಉದ್ದನ ಮುಳ್ಳು. (ಎಲಿ ಅಂತೀವಿ, ಖರೆ ಅಂದ್ರ ಅದು ಕಾಂಡ.) ಆ ಕಳ್ಳಿನೆಲ್ಲಾ ಈ ಹುಳ ಹೀರಿ ಹೀರಿ ಕೆಡವಿತು. ಜನ ಅದನ್ನ ನೋಡಿದ್ರು. 1836-38ರ ಸುಮಾರಿಗೆ, ಕಳ್ಳಿ ಸಾಯಲಿ ಅಂತನ, ಅದ ಹುಳನ್ನ ದಕ್ಷಿಣಕ್ಕ ತಂದು ಬಿಟ್ರು. ಕಸ ತಗಿಯಾಕ ಬೇಕಂತ ಹುಳ ಬಿಟ್ಟಿದ್ದು ಲೋಕದಾಗ ಇದ ಮದಲ ಸಲ ಅಂತ ಬಲ್ಲವ್ರು ಬರೀತಾರ. ಆಮ್ಯಾಲೆ 1860ರ ನಂತರ ಶ್ರೀಲಂಕಾಕ್ಕೂ ಹೋತು.

ಇಲ್ಲೇ ಕತಿಯ ಗಂಟು ಇರೂದು. ನಮ್ಮ ಬಳ್ಳಾರಿ ಸೀಮಿಯಾಗ ಹೆಚ್ಚಿದ್ದಿದ್ದು ಆ ಮರಗಳ್ಳಿ ಅಲ್ಲ. ಕುಳ್ಳಗ ಹಬ್ಬೂ, ಹಳದಿ ಮುಳ್ಳಿನ, ನೇರಳಿ ಹಣ್ಣಿನ ಕಳ್ಳಿ. ಈ ಹುಳಕ್ಕ ಅದು ರುಚಿಸಲೇ ಇಲ್ಲ. ಎರಡೂ ಪಾಪಾಸಕಳ್ಳಿನ, ಬಾಜೂಕ ಬಾಜೂಕ ನಿಂತ್ರೂ ಒಂದನ್ನ ತಿಂತೈತಿ, ಇನ್ನೊಂದನ್ನ ಮೂಸೂದಿಲ್ಲ. ನಮ್ಮ ಮನಿ ಮಕ್ಕಳು ಬದನಿಕಾಯಿ ಪಲ್ಯ ಬ್ಯಾಡ ಅಂದ್ರ ಹಸಿವಾದಾಗ ತಿಂದೇ ತಿಂತಾರ. ಹುಳ ಹಂಗಲ್ಲ, ಅದಕ್ಕ ಅದು ಊಟನ ಅಲ್ಲ. ಒಂದು ಕಳ್ಳಿ ಹೋದ ಜಾಗಾದಾಗ ಇನ್ನೊಂದು ಕಳ್ಳಿ ಬಂದು ಮತ್ತ ಅಷ್ಟ ಹಬ್ಬಿತು. ಹತ್ತತ್ರ ನೂರು ವರ್ಷ ಹಂಗ ಹೋತು.

ಆಯಿ ಹೇಳ್ತಿದ್ಲು, ಅಕಿ ಸಣ್ಣಾಕಿ ಇದ್ದಾಗ ಊರ ಸುತ್ತ ಕಳ್ಳಿ ಕೋಟಿ ಗ್ವಾಡಿ ಕಟ್ಟಿದಂಗ ಇತ್ತಂತ. ಹೊಲದ ಬದುವಿನಿಂದ ಒಳಗ ಬಂದು ಬಂದು, ಎಂಟೆಕರೆ ಹೊಲ ಐದೆಕರೆ ಆಗಿತ್ತಂತ. ಕಡದ್ರ ಕಡದಷ್ಟು ತುಂಡು ಹೊಸ ಗಿಡ. ಸುಟ್ರ ಬುಡ ಮತ್ತ ಚಿಗುರ್ತಿತ್ತು. ಒಳಗ ಹಾವು, ಹಂದಿ. ಕಂದಾಯ ಮಾತ್ರ ಎಂಟೆಕರೆಕ್ಕ.

ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಾಗ ಇತ್ತು. 1926ರಾಗ ಶ್ರೀಲಂಕಾದಿಂದ ಮತ್ತೊಂದು ಹುಳ ತಂದ್ರು. ಇದೂ ಕೊಚಿನೀಲ್ ಜಾತಿನ, ಇದೂ ಬೆಳ್ಳನ ಹತ್ತಿ ಹೊತ್ತದ್ದ, ಒಡದ್ರ ಇದೂ ಕೆಂಪನ. ಆದ್ರ ಇದು ತಿನ್ನೂದು ಆ ಹಳದಿ ಮುಳ್ಳಿನ ಕಳ್ಳಿನ್ನ. ಹುಳ ಹತ್ತಿದ ಎಲಿ ಒಯ್ದು ಹೊಸ ಮೆಳಿಗೆ ಚುಚ್ಚಿದ್ರ ಸಾಕು. ಉಳಿದಿದ್ದು ಮರಿಹುಳ ನೋಡ್ಕೊಂತಾವ, ಮೈಮ್ಯಾಲಿನ ಮೇಣದ ಎಳಿ ಗಾಳಿಗೆ ಸಿಕ್ಕು ಹಾರಿಕೊಂಡು ಹೋಗ್ತಾವ. ಆಯಿಯ ಅಪ್ಪ ಬಾಜೂ ಊರಿಂದ ಬಂಡಿಯೊಳಗ ಅಂಥ ಎಲಿ ಹೇರಿಕೊಂಡು ಬಂದಿದ್ನಂತ. ಊರಾಗ ನಕ್ಕರಂತ, ಕಳ್ಳಿ ಸಾಲದು ಅಂತ ಕಳ್ಳಿ ತಂದಾನ ನೋಡ್ರಿ ಅಂತ. ಎರಡು ಮೂರು ವರ್ಷದಾಗ ಕಳ್ಳಿ ಹಳದಿ ಆಗಿ, ಬಾಡಿ, ಕುಸುದು, ಕೊಳತು ಬಿತ್ತು. "ಬೆಲ್ಲ ಕರಗಿದಂಗ ಕರಗಿತು" ಅನ್ನೂದು ಆಯಿ ಮಾತು. ನಾರೂ ವಾಸನಿ ಮಾತ್ರ ಭಾಳ ದಿನ ಇತ್ತಂತ. ಆಮ್ಯಾಲೆ ಆ ನೆಲದಾಗ ಜ್ವಾಳ ಏನು ಬಂತು ಅಂತೀರಿ, ಆಳೆತ್ತರ.

ಅಕಿ ಇನ್ನೊಂದು ಮಾತು ಹೇಳ್ತಿದ್ಲು, ಗಂಡಸರ ಮುಂದ ಹೇಳ್ತಿದ್ದಿಲ್ಲ. ಕಳ್ಳಿ ಇದ್ದಾಗ ಹೆಣ್ಮಕ್ಕಳಿಗೆ ಬಯಲಕಡೆ ಹೋಗಾಕ ಅದ ಮರಿ ಆಗಿತ್ತು. ಕಳ್ಳಿ ಕರಗಿದ ಮ್ಯಾಲ ಊರ ಹೆಣ್ಮಕ್ಕಳಿಗೆ ಬಯಲ ಬಯಲು. ನಸಿಕ್ಲೆ ನಾಕಕ್ಕ ಏಳಬೇಕು, ಇಲ್ಲಾ ರಾತ್ರಿ ಆಗೂತನಕ ತಡಕೋಬೇಕು. "ಹೊಲ ಸಿಕ್ಕಿತು ತಂಗಿ, ಮರಿ ಹೋತು." ನಾನು ಓದಿದ ಯಾವ ಬರಹದಾಗೂ ಈ ಮಾತು ಇಲ್ಲ. ಸರಕಾರದವ್ರು ಎಷ್ಟೆಕರೆ ಸ್ವಚ್ಛ ಆತು ಅಂತ ಬರಕೊಂಡ್ರು. ಯಾರಿಗೆ ಏನು ಹೋತು ಅಂತ ಯಾರು ಬರಕೋಬೇಕು? ಬರಗಾಲದಾಗ ಮುಳ್ಳು ಸುಟ್ಟು ದನಕ್ಕ ಹಾಕಿದ್ದು, ಬಡವರ ಮಕ್ಕಳು ಅದರ ಹಣ್ಣು ತಿಂದು ಹೊಟ್ಟಿ ತುಂಬಿಸಿಕೊಂಡಿದ್ದು, ಅದೂ ಇತ್ತು.

ಇದು ನಮ್ಮೂರಿನ ಕತಿ ಅಷ್ಟ ಅಲ್ಲ. ಆಸ್ಟ್ರೇಲಿಯಾಕ್ಕ 1788ರಾಗ ಮದಲ ಹಡಗು ಹೋದಾಗಲೇ ರಿಯೋದಿಂದ ಕಳ್ಳಿ, ಹುಳ ಎರಡೂ ತಗೊಂಡು ಹೋಗಿದ್ರು, ಅದ ಕೆಂಪಿನ ಆಸೆಕ್ಕ. ಆಮ್ಯಾಲೆ ಬಂದ ಇನ್ನೊಂದು ಜಾತಿ ಕಳ್ಳಿ 1925ರ ಹೊತ್ತಿಗೆ 2 ಕೋಟಿ 40 ಲಕ್ಷ ಹೆಕ್ಟೇರ್ ನುಂಗಿತ್ತು. ರೈತರು ಮನಿ ಮಠ ಬಿಟ್ಟು ಹೋದ್ರು. ಅಲ್ಲಿ ಉಳಿಸಿದ್ದು ಬ್ಯಾರೆ ಹುಳ, ಅರ್ಜೆಂಟೀನಾದಿಂದ ತಂದ ಕ್ಯಾಕ್ಟೋಬ್ಲಾಸ್ಟಿಸ್ ಅನ್ನೂ ಬೂದು ಪತಂಗದ ಮರಿ. ಕ್ವೀನ್ಸ್‌ಲ್ಯಾಂಡಿನ ಬೂನಾರ್ಗಾ ಅನ್ನೂ ಹಳ್ಳಿಯವ್ರು 1936ರಾಗ ಆ ಹುಳದ ನೆನಪಿಗೆ ಒಂದು ಸಭಾಭವನನ ಕಟ್ಟಿಸ್ಯಾರ. ಫೋಟೋ ನೋಡಿದೆ, ನಮ್ಮ ಸಣ್ಣ ಕಲ್ಯಾಣಮಂಟಪದಂಗ ಐತಿ.

ಮಡಗಾಸ್ಕರ್ ದ್ವೀಪದಾಗ ಆಗಿದ್ದು ಓದಿದ ರಾತ್ರಿ ನನಗ ನಿದ್ದಿ ಬರಲಿಲ್ಲ. ಆ ದ್ವೀಪದ ದಕ್ಷಿಣಕ್ಕ ಆಂಡ್ರೋಯ್ ಅಂತ ಸೀಮಿ, ನಮ್ಮ ಬಯಲಸೀಮಿಗಿಂತ ಒಣ. ಅಲ್ಲಿನ ದನಗಾರ ಮಂದಿಗೆ ಕಳ್ಳಿನ ಬದುಕು. ಅವರ ಭಾಷಾದಾಗ ರಕೇತಾ. ಊರಿಗೆ ಬೇಲಿ ಅದ, ಬ್ಯಾಸಗ್ಯಾಗ ದನಕ್ಕ ಮೇವೂ ಅದ ನೀರೂ ಅದ, ಮಕ್ಕಳಿಗೆ ಹಣ್ಣೂ ಅದ. ಫ್ರೆಂಚರ ಆಳಿಕಿಯೊಳಗ 1924ರಾಗ ಆ ದ್ವೀಪಕ್ಕ ಕೊಚಿನೀಲ್ ಹುಳ ತಂದು ಬಿಟ್ರು. ನಾಕೈದು ವರ್ಷದಾಗ ದಕ್ಷಿಣದ ಕಳ್ಳಿಯೆಲ್ಲಾ ನೆಲಕ್ಕ ಬಿತ್ತು. ಅದ ಹೊತ್ತಿಗೆ ಮಳಿ ತಪ್ಪಿತು. 1930ರ ಸುಮಾರಿಗೆ ದನ ಸತ್ವು, ಮಂದಿ ಸತ್ರು, ಉಳಿದವ್ರು ಕೂಲಿ ಹುಡುಕ್ಕೊಂಡು ಗುಳೆ ಹೋದ್ರು. ನಮ್ಮ ಆಯಿಗೆ ಹೊಲ ಕೊಟ್ಟಂಥ ಹುಳ, ಅದ ವರ್ಷಗಳಾಗ, ಅಲ್ಲಿ ಒಬ್ಬಾಕಿ ಆಯಿಯ ಒಲಿ ಆರಿಸಿತ್ತು.

ಹುಳ ಕೆಟ್ಟದ್ದಂತಲ್ಲ, ಒಳ್ಳೇದಂತೂ ಅಲ್ಲ. ಕಳ್ಳಿ ಕಂಡ್ರ ಚುಚ್ಚತೈತಿ, ಅಷ್ಟ ಅದಕ್ಕ ಗೊತ್ತು. ತಂದು ಬಿಡೂವ್ರು ಯಾವ ಹುಳ, ಯಾವ ಕಳ್ಳಿ, ಆ ಕಳ್ಳಿ ನಂಬಿ ಯಾರು ಕುಂತಾರ ಅಂತ ನೋಡಬೇಕಿತ್ತು. ಕಾಳಿನಷ್ಟು ಇರೂದನ್ನ ಯಾರು ನಿಂತು ನೋಡ್ತಾರ?

ಬಣ್ಣದ ಕತಿ ಲಗೂನ ಮುಗಸ್ತೀನಿ. 1856ರಾಗ ಲಂಡನ್ನಿನ್ಯಾಗ ಪರ್ಕಿನ್ ಅನ್ನೂ ಹುಡುಗ ರಸಾಯನದ ಬಣ್ಣ ಕಂಡುಹಿಡದ, ಅದರ ಹಿಂದ ಒಂದೊಂದ ರಸಾಯನದ ಕೆಂಪು ಬಂದು ಹುಳದ ವ್ಯಾಪಾರ ಬಿತ್ತು. ಪೂರಾ ಸತ್ತಿಲ್ಲ. ಈಗ ಹೆಚ್ಚು ಬರೂದು ಪೆರು ದೇಶದಿಂದ. ಹೊರದೇಶದಿಂದ ತಂದ ಮಿಠಾಯಿ ಪಾಕೀಟಿನ ಮ್ಯಾಲ ಇ120 ಅಂತ ಇದ್ರ ಅದು ಈ ಹುಳನ. ಲಿಪ್‌ಸ್ಟಿಕ್ಕಿನ ಡಬ್ಬಿ ಮ್ಯಾಲ ಸಿಐ 75470 ಅಂತ ಇದ್ರೂ ಅದ. ಏಕಾದಶಿ ಮಾಡೂ ನಮ್ಮ ನೆಗೆಣ್ಣಿಗೆ ಇದನ್ನ ಹೇಳಿದ ಮ್ಯಾಲ, ಅಕಿ ಮಗಳ ಡಬ್ಬಿಯೆಲ್ಲಾ ಕನ್ನಡಕ ಹಾಕ್ಕೊಂಡು ಓದೂದು ಒಂದು ಕೆಲಸ ಆಗೇತಿ.

ಇನ್ನ ನಮ್ಮ ತಮ್ಮನ ಫೋನಿಗೆ ಬರ್ತೀನಿ. ಅವನ ಮುಳ್ಳಿಲ್ಲದ ಕಳ್ಳಿಗೂ ಈ ಎರಡನೇ ಹುಳ ಹತ್ತತೈತಿ. ಮೊರಾಕೊ ದೇಶದಾಗ 2014ರಿಂದ ಅಂಥ ಕಳ್ಳಿ ತೋಟ ಎಷ್ಟೋ ಹಾಳಾಗ್ಯಾವ ಇದರಿಂದ. ಅಂದ್ರ ಆಯಿಗೆ ಹೊಲ ಕೊಟ್ಟ ಹುಳ ಮೊಮ್ಮಗನ ಮೇವು ತಿನ್ನಾಕತ್ತೈತಿ. ಅವನ ಸಿಟ್ಟೆಲ್ಲಾ ಹಿತ್ತಲ ಗ್ವಾಡಿ ಬುಡದ ಹಳೇ ಮೆಳಿ ಮ್ಯಾಲ. "ಅಲ್ಲಿಂದನ ಬಂದಾವ. ಮದಲು ಅದಕ್ಕ ಎಣ್ಣಿ ಹೊಡದು, ಆಮ್ಯಾಲೆ ಬೆಂಕಿ ಹಚ್ಚತೀನಿ."

"ತಡಿಯೋ" ಅಂದೆ. "ಆ ಮೆಳಿ ಐವತ್ತು ವರ್ಷದಿಂದ ನೋಡ್ಲಿಕತ್ತೇನಿ, ಒಂದು ಮಾರು ದೊಡ್ಡದಾಗಿಲ್ಲ. ಯಾಕ ಹೇಳು? ಹುಳ ಅದನ್ನ ಹಿಡದು ಕುಂತಾವ. ನೀನು ಹುಳ ಅಷ್ಟ ಕೊಂದು, ಒಂದು ತುಂಡು ಬದುವಿಗೆ ಬಿದ್ರ ಆಯಿ ಕಾಲದ ಕಳ್ಳಿ ಮತ್ತ ಬಂತು ಅಂತ ತಿಳಕೊ."

"ನೀ ಧಾರವಾಡದಾಗ ಕುಂತು ಹೇಳ್ತಿ ಅಕ್ಕಾ. ಏಪ್ರಿಲ್ಲಿನ್ಯಾಗ ನನ್ನ ಆಡು ಏನು ತಿನಬೇಕು?"

ಅದಕ್ಕ ನನ್ನ ಕಡೆ ಉತ್ತರ ಇರಲಿಲ್ಲ. ಅವನ ಮಾತೂ ಖರೇನ.

ಆಮ್ಯಾಲೆ ಕೃಷಿ ಓದಿದ ಒಬ್ಬ ಹುಡುಗನ್ನ ಕೇಳಿದ. ಅವಾ ಹೇಳಿದ್ದು ಸರಳ: ಹುಳ ಭಾಳ ಹತ್ತಿದ ಎಲಿ ಕೊಯ್ದು ಹೂತು ಬಿಡ್ರಿ, ಉಳಿದಿದ್ದಕ್ಕ ಸಾಬೂನು ನೀರು ಜೋರಿನಿಂದ ಹೊಡೀರಿ, ಮೇಣ ಹೋದ್ರ ಹುಳ ಉಳಿಯೂದಿಲ್ಲ. ವಿಷ ಹೊಡದ ಎಲಿ ಆಡಿಗೆ ಹಾಕಾಕ ಬರೂದಿಲ್ಲ. ಇನ್ನೊಂದು ದಾರಿನೂ ಹೇಳಿದ. ಕ್ರಿಪ್ಟೊಲೀಮಸ್ ಅಂತ ಒಂದು ಗುಲಗಂಜಿ ಹುಳ ಐತಿ, ಕಂದು ತಲಿ, ಕರಿ ರೆಕ್ಕಿ. 1898ರಾಗ ಆಸ್ಟ್ರೇಲಿಯಾದಿಂದ ದಕ್ಷಿಣ ಭಾರತಕ್ಕ ಕಾಫಿ ತೋಟದ ಹುಳ ತಿನ್ನಲಿ ಅಂತ ತಂದಿದ್ದು. ಈಗ ದ್ರಾಕ್ಷಿ ತೋಟದವ್ರು ಹಿಟ್ಟುತಿಗಣಿಗೆ ಬಿಡ್ತಾರ. ಅದು ಕೊಚಿನೀಲ್ ಹುಳಾನೂ ತಿಂತೈತಿ. ನಾನು ಕೇಳಿದೆ, "ಅದು ಗದ್ಯಾಗಿನ್ನ ಅಷ್ಟ ತಿಂದು, ಹಿತ್ತಲದಾಗಿನ್ನ ಬಿಡ್ತೈತೇನು?" ತಮ್ಮ ನಕ್ಕ. ಸದ್ಯಕ್ಕ ತರಿಸಿಲ್ಲ.

ನಾಗರಪಂಚಮಿಗೆ ಹೋಗಿದ್ದೆ. ಮೂರು ಸಾಲು ಕೊಯ್ದು ಹೂತಾನ, ಉಳಿದಿದ್ದು ಸಾಬೂನು ನೀರಿಗೆ ಪರವಾಗಿಲ್ಲ. ಹಿತ್ತಲ ಮೆಳಿ ಇನ್ನೂ ಐತಿ, ಅದರ ಸುತ್ತ ಒಂದು ಮೊಳ ಜಾಗಾ ಕೆರದು ಬರಿನೆಲ ಮಾಡ್ಯಾನ. ಅವನ ಸಣ್ಣ ಮಗಳು ನನ್ನ ಕೈ ಹಿಡಕೊಂಡು ಅಲ್ಲಿಗೆ ಕರಕೊಂಡು ಹೋಗಿ, ಕಡ್ಡಿಲೆ ಒಂದು ಹುಳ ತಗದು, ನನ್ನ ಹೆಬ್ಬಟ್ಟಿನ ಉಗುರಿಗೆ ಹಚ್ಚಿದ್ಲು. ಬಯ್ಯಬೇಕು ಅಂತ ಬಾಯಿ ತಗದೆ, ಬಯ್ಯಾಕ ಆಗಲಿಲ್ಲ.

ಅಕ್ಕಾರ, ತಂಗೇರ, ನಿಮ್ಮ ಮನ್ಯಾಗ ತೊಂಬತ್ತು ದಾಟಿದವ್ರು ಇದ್ರ, ಕಳ್ಳಿ ಕರಗಿದ ವರ್ಷದ ಮಾತು ಅವರ ಅವ್ವ-ಅತ್ತಿ ಬಾಯಿಂದ ಕೇಳಿದ್ರೇನು ಅಂತ ಒಂದು ಮಾತು ಕೇಳ್ರಿ. ಹೆಣ್ಮಕ್ಕಳು ಬಯಲಕಡೆ ಎಲ್ಲಿಗೆ ಹೋಗ್ತಿದ್ರು ಅನ್ನೂದನ್ನೂ ಕೇಳ್ರಿ. ಕೇಳಿದ್ದನ್ನ ನನಗ ಫೋನ್ ಮಾಡಿ ಹೇಳ್ರಿ, ಬರದು ಇಡ್ತೀನಿ.